ಒಂದು ಕಂಪ್ಯೂಟರಿನ ಸಾಫ್ಟ್‌ವೇರ್ ಹನ್ನೆರಡಕ್ಕೂ ಬೇಕು: ಪಟ್ಟಿ ಒಯ್ಯುವುದೋ, ಡಿಸ್ಕನ್ನೇ ಒಯ್ಯುವುದೋ?

ಪ್ರಶ್ನೆ: ಸರ್, ಗಂಗಾವತಿಯಲ್ಲಿ ನಮ್ಮದೊಂದು ಸಣ್ಣ ಕಂಪ್ಯೂಟರ್ ತರಬೇತಿ ಕೇಂದ್ರ. ಸೆಕೆಂಡ್ ಹ್ಯಾಂಡ್ ತಂದ ಎಂಟು ಡೆಸ್ಕ್‌ಟಾಪ್, ನಾಲ್ಕು ಲ್ಯಾಪ್‌ಟಾಪ್ ಇವೆ. ಎಲ್ಲದಕ್ಕೂ ಉಬುಂಟು ಲಿನಕ್ಸ್ ಹಾಕಿದ್ದೇನೆ. ಎರಡು ಲ್ಯಾಪ್‌ಟಾಪಿಗೆ 24.04 ಆವೃತ್ತಿ, ಉಳಿದವಕ್ಕೆಲ್ಲ 22.04. ಒಂದು ಡೆಸ್ಕ್‌ಟಾಪನ್ನು ಎರಡು ವಾರ ಕೂತು ಬೇಕಾದ ಹಾಗೆ ಸಜ್ಜು ಮಾಡಿದೆ: ನುಡಿ ಕೀಲಿಮಣೆ, ಕನ್ನಡ ಫಾಂಟ್‌ಗಳು, ಇಂಕ್‌ಸ್ಕೇಪ್, ಗಿಂಪ್, ಪೈಥಾನ್ ಕಲಿಸಲು ಥಾನಿ. ಉಳಿದ ಹನ್ನೊಂದಕ್ಕೂ ಇದೇ ಬೇಕು. ನೆಟ್ಟಿನಲ್ಲಿ ಸಿಕ್ಕ ವಿಧಾನದಂತೆ ಗೆಟ್-ಸೆಲೆಕ್ಷನ್ಸ್ ಕಮಾಂಡಿನಿಂದ ಹಾಕಿರುವ ಸಾಫ್ಟ್‌ವೇರುಗಳ ಪಟ್ಟಿ ತೆಗೆದು, ಒಂದು ಲ್ಯಾಪ್‌ಟಾಪಿನಲ್ಲಿ ಕ್ಲಿಯರ್-ಸೆಲೆಕ್ಷನ್ಸ್, ಸೆಟ್-ಸೆಲೆಕ್ಷನ್ಸ್, ಡಿಸೆಲೆಕ್ಟ್-ಅಪ್‌ಗ್ರೇಡ್ ಕೊಟ್ಟೆ. ಹೊಸದು ಒಂದೂ ಬರಲಿಲ್ಲ, ಇದ್ದ ವೈ-ಫೈ ಕೂಡ ಹೋಯಿತು. 24.04 ಇರುವ ಇನ್ನೊಂದಕ್ಕೆ ಅದೇ ಪಟ್ಟಿಯನ್ನು ನೇರವಾಗಿ ಇನ್‌ಸ್ಟಾಲ್‌ಗೆ ಕೊಟ್ಟರೆ ‘ಅನೇಬಲ್ ಟು ಲೊಕೇಟ್ ಪ್ಯಾಕೇಜ್’ ಅಂತ ಸಾಲುಸಾಲು ಬಂತು. ಒಬ್ಬ ಗೆಳೆಯ ‘ಡಿಸ್ಕನ್ನೇ ಕ್ಲೋನ್ ಮಾಡು’ ಅನ್ನುತ್ತಾನೆ. ಇನ್ನೊಬ್ಬ ‘ಬೇರೆ ಮಷೀನಿಗೆ ಹಾಕಿದರೆ ಬೂಟೇ ಆಗಲ್ಲ’ ಅನ್ನುತ್ತಾನೆ. ನೆಟ್ ಅಂದರೆ ನನ್ನ ಮೊಬೈಲ್ ಹಾಟ್‌ಸ್ಪಾಟ್ ಅಷ್ಟೇ, ದಿನಕ್ಕೆ 2 ಜಿಬಿ. ಏನು ಮಾಡಲಿ?

ಉತ್ತರ: ಮೊದಲು ಆ ಲ್ಯಾಪ್‌ಟಾಪಿನ ಕಥೆ ಮುಗಿಸೋಣ, ನಿಮ್ಮ ನಿದ್ದೆ ಕೆಟ್ಟಿರುವುದು ಅದರಿಂದಲೇ. ಅದು ಹಾಳಾಗಿಲ್ಲ. ನೀವು ಹೇಳಿದ್ದನ್ನೇ ಮಾಡಿದೆ. ತೊಂದರೆ ಏನೆಂದರೆ, ನೀವು ಏನು ಹೇಳಿದಿರಿ ಅಂತ ನಿಮಗೆ ಗೊತ್ತಿರಲಿಲ್ಲ.

ಕ್ಲಿಯರ್-ಸೆಲೆಕ್ಷನ್ಸ್ ಅಂದರೆ ಹಳೆಯ ಪಟ್ಟಿ ಒರೆಸಿ ಹೊಸದಾಗಿ ಶುರು ಮಾಡುವುದು ಅಂತ ಹೆಚ್ಚಿನವರು ತಿಳಿದಿದ್ದಾರೆ. ಅದರ ನಿಜವಾದ ಅರ್ಥ ಬೇರೆ: ಅತ್ಯಗತ್ಯ ಎಂದು ಗುರುತಾದ ಕೆಲವೇ ಪ್ಯಾಕೇಜ್ (ಸಾಫ್ಟ್‌ವೇರಿನ ಕಟ್ಟು) ಬಿಟ್ಟು ಉಳಿದ ಪ್ರತಿಯೊಂದಕ್ಕೂ ‘ಇದನ್ನು ತೆಗೆಯಬೇಕು’ ಎಂಬ ಚೀಟಿ ಅಂಟಿಸುವುದು. ಆಮೇಲೆ ಸೆಟ್-ಸೆಲೆಕ್ಷನ್ಸ್ ನಿಮ್ಮ ಪಟ್ಟಿಯಲ್ಲಿ ಇರುವವಕ್ಕೆ ಮಾತ್ರ ಆ ಚೀಟಿ ಕಿತ್ತು ‘ಇರಲಿ’ ಎಂದು ಬರೆಯುತ್ತದೆ. ಪಟ್ಟಿ ಬಂದದ್ದು ಡೆಸ್ಕ್‌ಟಾಪಿನಿಂದ. ಅದರಲ್ಲಿ ವೈ-ಫೈ ಕಾರ್ಡೇ ಇಲ್ಲದಿದ್ದರೆ ಅದರ ಡ್ರೈವರ್ ಪಟ್ಟಿಗೆ ಎಲ್ಲಿಂದ ಬರಬೇಕು? ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಬ್ರಾಡ್‌ಕಾಮ್ ಕಾರ್ಡ್ ಸಾಮಾನ್ಯ, ಅವುಗಳಲ್ಲಿ ಹಲವಕ್ಕೆ ಡ್ರೈವರನ್ನು ಪ್ರತ್ಯೇಕವಾಗಿಯೇ ಹಾಕಬೇಕಾಗುತ್ತದೆ. ಅದರ ಮೇಲಿನ ಚೀಟಿ ಹಾಗೇ ಉಳಿಯಿತು, ಡಿಸೆಲೆಕ್ಟ್-ಅಪ್‌ಗ್ರೇಡ್ ಬಂದು ಗುಡಿಸಿಕೊಂಡು ಹೋಯಿತು. ಅದು ಒಮ್ಮೆ ಕೇಳಿಯೂ ಇತ್ತು. ತೆಗೆಯುವ ಪ್ಯಾಕೇಜುಗಳ ಹೆಸರು ತೋರಿಸಿ ‘ವೈ’ ಒತ್ತುತ್ತೀರಾ ಎಂದು ಕೇಳುತ್ತದೆ. ನಾವೆಲ್ಲ ಓದದೆ ಒತ್ತುವವರೇ.

ಹೊಸದು ಯಾಕೆ ಬರಲಿಲ್ಲ? ಸೆಟ್-ಸೆಲೆಕ್ಷನ್ಸ್ ಮಾಡಿಸುವುದು ಡಿಪಿಕೆಜಿ, ಅಂದರೆ ಪ್ಯಾಕೇಜ್ ಹಾಕುವ, ತೆಗೆಯುವ ಮೂಲ ಸಾಧನ. ಹೊರಗೆ ಯಾವ ಯಾವ ಪ್ಯಾಕೇಜ್ ಸಿಗುತ್ತವೆ ಎಂಬ ಅದರ ಸ್ವಂತ ಕಡತ ಈಗಿನ ಉಬುಂಟುಗಳಲ್ಲಿ ಹೆಚ್ಚುಕಡಿಮೆ ಖಾಲಿ. ಆ ಲೆಕ್ಕವನ್ನೆಲ್ಲ ಈಗ, ನೆಟ್ಟಿನಿಂದ ಪ್ಯಾಕೇಜ್ ಹುಡುಕಿ ತರುವ ಆಪ್ಟ್ ಇಟ್ಟುಕೊಳ್ಳುತ್ತದೆ. ಹಾಗಾಗಿ ತಾನು ಕಂಡಿರದ ಹೆಸರು ಬಂದಾಗ ಡಿಪಿಕೆಜಿ ಒಂದು ಎಚ್ಚರಿಕೆ ಬರೆದು ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಅಲ್ಲಿಗೆ ಸೇರಿಸುವ ಕೆಲಸ ಆಗಲಿಲ್ಲ, ತೆಗೆಯುವ ಕೆಲಸ ಮಾತ್ರ ನಡೆಯಿತು. ಡಿಸೆಲೆಕ್ಟ್ ಎಂಬ ಹೆಸರೇ ಆಪ್ಟ್‌ಗಿಂತ ಹಳೆಯದು. ಆಪ್ಟ್ ಬಂದದ್ದು ಉಬುಂಟುವಿನ ಮೂಲವಾದ ಡೆಬಿಯನ್‌ನ 1999ರ 2.1 ಆವೃತ್ತಿಯಲ್ಲಿ. ನೆಟ್ಟಿನಲ್ಲಿ ಇವತ್ತಿಗೂ ಓಡಾಡುವ ಈ ವಿಧಾನದ ಬೇರು ಆ ಕಾಲದ್ದು.

ಸರಿಪಡಿಸುವುದು ಹೀಗೆ. ಮೊಬೈಲನ್ನು ಯುಎಸ್‌ಬಿ ವೈರಿನಿಂದ ಲ್ಯಾಪ್‌ಟಾಪಿಗೆ ಹಚ್ಚಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಇದಕ್ಕೆ ಬೇಕಾದ ಡ್ರೈವರ್ ಕರ್ನಲ್ಲಿನಲ್ಲೇ (ಲಿನಕ್ಸಿನ ತಿರುಳಿನಲ್ಲೇ) ಇರುವುದರಿಂದ ವೈ-ಫೈ ಇಲ್ಲದೆಯೂ ನೆಟ್ ಬರುತ್ತದೆ. ಆಮೇಲೆ ವಾರ್ ಫೋಲ್ಡರಿನ ಒಳಗೆ ಲಾಗ್, ಅದರೊಳಗೆ ಆಪ್ಟ್, ಅಲ್ಲಿ ಹಿಸ್ಟರಿ.ಲಾಗ್ ಎಂಬ ಫೈಲ್ ತೆರೆಯಿರಿ. ಆ ದಿನದ ತಾರೀಖಿನ ಕೆಳಗೆ ಕಮಾಂಡ್‌ಲೈನ್ ಎಂಬ ಸಾಲಿನಲ್ಲಿ ಡಿಸೆಲೆಕ್ಟ್-ಅಪ್‌ಗ್ರೇಡ್ ಎಂದು ಕಾಣುತ್ತದೆ, ಅದರ ಕೆಳಗೆ ರಿಮೂವ್ ಎಂದು ಶುರುವಾಗುವ ಉದ್ದ ಸಾಲು. ಹೋದದ್ದೆಲ್ಲ ಅಲ್ಲಿದೆ. ಪ್ರತಿ ಹೆಸರಿನ ಮುಂದಿರುವ ಆವೃತ್ತಿ ಸಂಖ್ಯೆ ಅಳಿಸಿ, ಹೆಸರುಗಳನ್ನು ಮಾತ್ರ ಆಪ್ಟ್ ಇನ್‌ಸ್ಟಾಲ್‌ಗೆ ಕೊಡಿ. ಕಾಲು ಗಂಟೆಯ ಕೆಲಸ. (ಕಮಾಂಡುಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಎಂದು ಹೇಳಬೇಕಿಲ್ಲ, ಆದರೂ ಹೇಳಿಬಿಟ್ಟೆ.)

ಇನ್ನು ನಿಮ್ಮ ಅಸಲಿ ಪ್ರಶ್ನೆ. ಪಟ್ಟಿ ಒಯ್ಯುವ ವಿಚಾರ ತಪ್ಪಲ್ಲ. ನೀವು ಒಯ್ದ ಪಟ್ಟಿ ತಪ್ಪು.

ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಬಟ್ಟೆಯನ್ನು ಉದ್ದನೆಯ ಮೇಜಿನ ಮೇಲೆ ಪದರ ಪದರ ಹಾಸಿ, ಮೇಲೆ ಪ್ಯಾಟರ್ನ್ ಇಟ್ಟು ಗೆರೆ ಹಾಕಿ, ಮಷೀನಿನಿಂದ ಒಟ್ಟಿಗೆ ಕತ್ತರಿಸುತ್ತಾರೆ. ಹೊಲಿದು ಮುಗಿದ ಪ್ಯಾಂಟೊಂದನ್ನು ಬಿಚ್ಚಿ, ಎಷ್ಟು ಗಜ ದಾರ, ಎಷ್ಟು ಹೊಲಿಗೆ ಎಂದು ಎಣಿಸಿ, ‘ಇದೇ ಲೆಕ್ಕಕ್ಕೆ ಇನ್ನೂರು ಮಾಡು’ ಎಂದು ಯಾರೂ ಹೇಳುವುದಿಲ್ಲ. ಗೆಟ್-ಸೆಲೆಕ್ಷನ್ಸ್ ಕೊಡುವುದು ಆ ದಾರದ ಲೆಕ್ಕ. ಸಾಮಾನ್ಯ ಉಬುಂಟು ಡೆಸ್ಕ್‌ಟಾಪಿನಲ್ಲಿ ಒಂದೂವರೆ ಸಾವಿರಕ್ಕೂ ಮೇಲ್ಪಟ್ಟು ಪ್ಯಾಕೇಜ್ ಇರುತ್ತವೆ. ಅವುಗಳಲ್ಲಿ ನೀವು ಬೇಕೆಂದು ಹಾಕಿದ್ದು ಮೂವತ್ತೋ ನಲವತ್ತೋ. ಉಳಿದವು ಉಬುಂಟು ಜೊತೆ ಬಂದವು, ಅಥವಾ ನೀವು ಹಾಕಿದ್ದರ ಬೆನ್ನಿಗೆ ತಾವಾಗಿ ಬಂದ ಲೈಬ್ರರಿಗಳು.

24.04ರಲ್ಲಿ ‘ಸಿಗುತ್ತಿಲ್ಲ’ ಎಂದು ಸಾಲುಗಟ್ಟಿದ್ದೂ ಇದೇ ಕಾರಣಕ್ಕೆ. ಲೈಬ್ರರಿಗಳ ಹೆಸರಿನೊಳಗೇ ಆವೃತ್ತಿ ಇರುತ್ತದೆ. 22.04ರಲ್ಲಿ ಇದ್ದದ್ದು ಪೈಥಾನ್3.10 ಎಂಬ ಪ್ಯಾಕೇಜ್. 24.04ರಲ್ಲಿ ಅದು ಪೈಥಾನ್3.12. ಹಳೆಯ ಹೆಸರು ಕೇಳಿದರೆ ಅಲ್ಲಿ ಯಾರೂ ‘ಓ’ ಅನ್ನುವುದಿಲ್ಲ. ಕರ್ನಲ್ ಪ್ಯಾಕೇಜುಗಳದ್ದೂ ಇದೇ ಹಣೆಬರಹ. ನೀವು ‘ಥಾನಿ’ ಎಂದಷ್ಟೇ ಕೇಳಿದ್ದರೆ, ಎರಡೂ ಕಡೆ ಆಪ್ಟ್ ತನಗೆ ಹೊಂದುವ ಪೈಥಾನನ್ನು ತಾನೇ ಹುಡುಕಿ ತರುತ್ತಿತ್ತು.

ಒಂದು ವೇಳೆ ಈ ದೊಡ್ಡ ಪಟ್ಟಿ ಸರಿಯಾಗಿ ಕೂತಿದ್ದರೂ ಇನ್ನೊಂದು ತೊಂದರೆ ಇತ್ತು. ಯಾವುದು ನೀವು ಕೇಳಿದ್ದು, ಯಾವುದು ತಾನಾಗಿ ಬಂದದ್ದು ಎಂದು ಆಪ್ಟ್ ನೆನಪಿಟ್ಟಿರುತ್ತದೆ. ಸಾವಿರಾರು ಹೆಸರನ್ನು ಒಟ್ಟಿಗೆ ಕೊಟ್ಟರೆ ಎಲ್ಲವೂ ‘ಕೇಳಿ ಹಾಕಿಸಿದ್ದು’ ಎಂದೇ ದಾಖಲಾಗುತ್ತದೆ. ನಾಳೆ ಇಂಕ್‌ಸ್ಕೇಪ್ ತೆಗೆದರೂ ಅದರ ಹಿಂದೆ ಬಂದ ಲೈಬ್ರರಿಗಳು ಹೋಗುವುದಿಲ್ಲ. ಬೇಡವಾದ ಲೈಬ್ರರಿಗಳನ್ನು ಗುಡಿಸುವ ಆಟೋರಿಮೂವ್ ಕೊಟ್ಟರೂ ಅದು ಸುಮ್ಮನೆ ಕೂರುತ್ತದೆ.

ಹಾಗಾದರೆ ಆ ನಲವತ್ತು ಹೆಸರು ಹೊರತೆಗೆಯುವುದು ಹೇಗೆ? ನಿಮ್ಮ ಬಳಿ ಇನ್ನೂ ಮುಟ್ಟದ ಡೆಸ್ಕ್‌ಟಾಪ್‌ಗಳು ಇರುವುದು ಪುಣ್ಯ. ಆಪ್ಟ್-ಮಾರ್ಕ್ ಷೋಮ್ಯಾನುಯಲ್ ಎಂಬ ಕಮಾಂಡ್ ‘ಕೇಳಿ ಹಾಕಿಸಿದ್ದು’ ಎಂದು ಗುರುತಾದವನ್ನು ಮಾತ್ರ ತೋರಿಸುತ್ತದೆ. ಇದರಲ್ಲಿ ಉಬುಂಟು ಇನ್‌ಸ್ಟಾಲ್ ಆಗುವಾಗಲೇ ಸೇರಿದ ಕೆಲವೂ ಬರುತ್ತವೆ, ಅದಕ್ಕೆ ಈ ಕೈಚಳಕ: ಸಜ್ಜು ಮಾಡಿದ ಮಷೀನಿನಲ್ಲಿ ಅದನ್ನು ಓಡಿಸಿ ಒಂದು ಫೈಲಿಗೆ ಹಾಕಿ, ಮುಟ್ಟದ 22.04 ಡೆಸ್ಕ್‌ಟಾಪಿನಲ್ಲಿ ಓಡಿಸಿ ಇನ್ನೊಂದು ಫೈಲಿಗೆ ಹಾಕಿ. ಎರಡನ್ನೂ ಸಾರ್ಟ್ ಮಾಡಿ, ಕಾಮ್ ಎಂಬ ಕಮಾಂಡಿಗೆ ಮೈನಸ್ 23 ಜೊತೆಗೆ ಮೊದಲು ನಿಮ್ಮ ಫೈಲ್, ಆಮೇಲೆ ಖಾಲಿ ಮಷೀನಿನ ಫೈಲ್ ಕೊಡಿ. ಮೊದಲನೆಯದರಲ್ಲಿ ಮಾತ್ರ ಇರುವುದು ಉಳಿಯುತ್ತದೆ. ನೀವು ಎರಡು ವಾರ ಕೂತು ಮಾಡಿದ್ದು ಅದೇ, ಒಂದು ಪುಟದಲ್ಲಿ.

ಆ ಪುಟವನ್ನು ಪ್ರಿಂಟ್ ಹಾಕಿ, ಪೆನ್ನು ಹಿಡಿದು ಓದಿ. ಲಿನಕ್ಸ್-ಇಮೇಜ್, ಲಿನಕ್ಸ್-ಹೆಡರ್ಸ್ ಎಂದು ಶುರುವಾಗುವ ಹೆಸರು ಕಂಡರೆ ಹೊಡೆದುಹಾಕಿ. ಎನ್‌ವಿಡಿಯಾ, ಬ್ರಾಡ್‌ಕಾಮ್ ಡ್ರೈವರುಗಳನ್ನೂ ಹೊಡೆದುಹಾಕಿ; ಅವು ಆಯಾ ಮಷೀನಿನ ಸ್ವಂತ ವಿಷಯ. ಗ್ರಬ್ (ಮಷೀನನ್ನು ಬೂಟ್ ಮಾಡಿಸುವ ಸಾಫ್ಟ್‌ವೇರ್) ಎಂದು ಶುರುವಾಗುವುದನ್ನಂತೂ ಉಳಿಸಲೇಬೇಡಿ. ಮಷೀನ್ ಶುರುವಾಗುವ ವ್ಯವಸ್ಥೆ ಎರಡು ಬಗೆ: ಹಳೆಯ ಬಯೋಸ್ ಮಷೀನಿಗೆ ಒಂದು ಗ್ರಬ್, ಹೊಸ ಬಗೆಯ ಯುಇಎಫ್‌ಐ ಮಷೀನಿಗೆ ಇನ್ನೊಂದು. ಒಂದು ಬಂದರೆ ಇನ್ನೊಂದನ್ನು ಹೊರಗೆ ತಳ್ಳುತ್ತದೆ, ಮರುದಿನ ಮಷೀನ್ ಬೂಟ್ ಆಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಲಾಟಿನಲ್ಲಿ ಎರಡೂ ಬಗೆಯವು ಬೆರೆತಿರುವುದು ಮಾಮೂಲು.

ಉಳಿದ ಪಟ್ಟಿಯಲ್ಲಿ ಫಾಂಟ್ಸ್-ಕೆಎನ್‌ಡಿಎ, ಐಬಸ್-ಎಂ17ಎನ್, ಇಂಕ್‌ಸ್ಕೇಪ್, ಗಿಂಪ್, ಥಾನಿ ಇಂಥವು ಕಾಣಬೇಕು. ಇದನ್ನು ಎಕ್ಸ್‌ಆರ್ಗ್ಸ್ (ಪಟ್ಟಿಯ ಹೆಸರುಗಳನ್ನು ಇನ್ನೊಂದು ಕಮಾಂಡಿಗೆ ದಾಟಿಸುವ ಕಮಾಂಡ್) ಮೂಲಕ ಆಪ್ಟ್-ಗೆಟ್ ಇನ್‌ಸ್ಟಾಲ್‌ಗೆ ಕೊಡುವುದು. ಆದರೆ ಮೊದಲ ಸಲ ಮೈನಸ್ ಎಸ್ ಸೇರಿಸಿ. ಆಗ ಅದು ಏನನ್ನೂ ಮಾಡದೆ, ಏನು ಮಾಡುತ್ತಿದ್ದೆ ಎಂದು ಮಾತ್ರ ಹೇಳುತ್ತದೆ. ಆ ಉತ್ತರದಲ್ಲಿ ‘ವಿಲ್ ಬಿ ರಿಮೂವ್ಡ್’ ಎಂಬ ಸಾಲು ಇದೆಯೇ ನೋಡಿ. ಇಲ್ಲದಿದ್ದರೆ ಮುಂದುವರಿಯಿರಿ. ಇದ್ದರೆ, ಅದರ ಕೆಳಗಿನ ಪ್ರತಿ ಹೆಸರು ಏನೆಂದು ಗೊತ್ತಾಗುವ ತನಕ ವೈ ಒತ್ತಬೇಡಿ. ಸ್ಕ್ರಿಪ್ಟ್ ಬರೆದು ಮೈನಸ್ ವೈ ಹಾಕುವ ಉಮೇದು ಬರುತ್ತದೆ. ಮೊದಲ ಎರಡು ಮಷೀನ್ ಕೈಯಾರೆ ಆಗಲಿ.

ಇಷ್ಟು ಮಾಡಿದರೂ ಪಟ್ಟಿಗೆ ಸಿಗದೆ ಜಾರಿಹೋಗುವ ಸಂಗತಿಗಳಿವೆ. ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧ ಇವೇ.

ಒಂದು, ಉಬುಂಟುವಿನ ಸ್ವಂತ ಭಂಡಾರದಲ್ಲಿ (ಪ್ಯಾಕೇಜುಗಳನ್ನು ಇಳಿಸಿಕೊಳ್ಳುವ ಆನ್‌ಲೈನ್ ಸಂಗ್ರಹದಲ್ಲಿ) ಇಲ್ಲದವು. ಕ್ರೋಮ್‌ನಂಥದ್ದನ್ನು ಹಾಕಿದ್ದರೆ ಅದರ ಭಂಡಾರದ ವಿಳಾಸ ಇಟಿಸಿ ಒಳಗಿನ ಆಪ್ಟ್ ಫೋಲ್ಡರಿನ ಸೋರ್ಸಸ್.ಲಿಸ್ಟ್.ಡಿ ಯಲ್ಲಿರುತ್ತದೆ, ಅದರ ಸಹಿ ಪರೀಕ್ಷಿಸುವ ಕೀಲಿ ಕೀರಿಂಗ್ಸ್ ಅಥವಾ ಟ್ರಸ್ಟೆಡ್.ಜಿಪಿಜಿ.ಡಿ ಎಂಬ ಫೋಲ್ಡರಿನಲ್ಲಿ. ಎರಡನ್ನೂ ಒಯ್ಯಬೇಕು. ಒಂದೇ ಒಯ್ದರೆ ಅಪ್‌ಡೇಟ್ ಹೊತ್ತಿಗೆ ಜಗಳ ತೆಗೆಯುತ್ತದೆ. ಹಾಗಂತ 22.04ರ ಇಡೀ ಫೋಲ್ಡರನ್ನು 24.04ಕ್ಕೆ ಸುರಿಯಬೇಡಿ. 24.04ರಲ್ಲಿ ಉಬುಂಟುವಿನ ಮೂಲ ವಿಳಾಸಗಳೂ ಅದೇ ಫೋಲ್ಡರಿಗೆ, ಉಬುಂಟು.ಸೋರ್ಸಸ್ ಎಂಬ ಹೊಸ ರೂಪದ ಫೈಲಿಗೆ ಬಂದಿವೆ.

ಎರಡು, ಸ್ನ್ಯಾಪ್. ಇದು ಆಪ್ಟ್‌ನಿಂದ ಹೊರಗಿರುವ, ಉಬುಂಟುವಿನ ಇನ್ನೊಂದು ಬಗೆಯ ಪ್ಯಾಕೇಜ್. 22.04ರಿಂದ ಈಚೆಗೆ ಫೈರ್‌ಫಾಕ್ಸ್ ಬರುವುದು ಸ್ನ್ಯಾಪ್ ಆಗಿ. ಆಪ್ಟ್ ಪಟ್ಟಿಗೆ ಸ್ನ್ಯಾಪ್‌ಗಳ ಗಂಧವಿಲ್ಲ. ಸ್ನ್ಯಾಪ್ ಲಿಸ್ಟ್ ಎಂದು ಬೇರೆಯಾಗಿ ನೋಡಿ. ಹನ್ನೊಂದು ಮಷೀನಿಗೆ ಹನ್ನೊಂದು ಸಲ ಇಳಿಸುವ ಬದಲು ಸ್ನ್ಯಾಪ್ ಡೌನ್‌ಲೋಡ್ ಎಂದು ಒಮ್ಮೆ ಇಳಿಸಿದರೆ ಎರಡು ಫೈಲ್ ಬರುತ್ತವೆ. ಪೆನ್‌ಡ್ರೈವಿನಲ್ಲಿ ಒಯ್ದು, ಅಸರ್ಟ್ ಎಂದು ಮುಗಿಯುವ ಫೈಲನ್ನು ಮೊದಲು ಸ್ನ್ಯಾಪ್ ಆಕ್‌ಗೆ ಕೊಟ್ಟು, ಆಮೇಲೆ ಇನ್ನೊಂದನ್ನು ಇನ್‌ಸ್ಟಾಲ್ ಮಾಡಿ.

ಮೂರನೆಯದು ನಮ್ಮ ಕನ್ನಡದ ಕಗ್ಗಂಟು. ಫಾಂಟ್ಸ್-ಕೆಎನ್‌ಡಿಎ ಹಾಕಿದರೆ ಗುಬ್ಬಿ, ನವಿಲು ಮುಂತಾದ ಯೂನಿಕೋಡ್ ಫಾಂಟ್‌ಗಳು ಬರುತ್ತವೆ. ಆದರೆ ಡಿಟಿಪಿ ಕೆಲಸ ಮಾಡುವವರ ಬಳಿ ಹಳೆಯ ನುಡಿ ಫೈಲ್‌ಗಳ ರಾಶಿ ಇರುತ್ತದೆ, ಅವು ಯೂನಿಕೋಡ್ ಅಲ್ಲ. ಅವನ್ನು ತೆರೆಯಲು ಯಾವಾಗಲೋ ಕೈಯಿಂದ ಕಾಪಿ ಮಾಡಿದ ನುಡಿ ಫಾಂಟ್‌ಗಳು ಬೇಕು. ಅವು ನಿಮ್ಮ ಹೋಂ ಫೋಲ್ಡರಿನ ಮೂಲೆಯಲ್ಲಿ, ಚುಕ್ಕೆಯಿಂದ ಶುರುವಾಗುವ ಅಡಗಿದ ಫೋಲ್ಡರಿನಲ್ಲಿ ಕೂತಿರುತ್ತವೆ. ಯಾವ ಪ್ಯಾಕೇಜಿಗೂ ಅವು ಸೇರಿಲ್ಲ, ಯಾವ ಪಟ್ಟಿಯಲ್ಲೂ ಬರುವುದಿಲ್ಲ. ವಿದ್ಯಾರ್ಥಿ ಫೈಲ್ ತೆರೆದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡರೆ ಕಾರಣ ಇದೇ. ಅವನ್ನು ಯುಎಸ್‌ಆರ್, ಲೋಕಲ್, ಶೇರ್, ಫಾಂಟ್ಸ್ ಎಂಬ ದಾರಿಗೆ ಹಾಕಿ ಎಫ್‌ಸಿ-ಕ್ಯಾಷ್ ಓಡಿಸಿ, ಮಷೀನಿನ ಎಲ್ಲ ಬಳಕೆದಾರರಿಗೂ ಸಿಗುತ್ತವೆ.

ಕೀಲಿಮಣೆಯೂ ಹೀಗೇ. ಐಬಸ್-ಎಂ17ಎನ್ ಪ್ಯಾಕೇಜ್ ಬಂದರೆ ನುಡಿಯ ಕೆಜಿಪಿ (ಕನ್ನಡ ಗಣಕ ಪರಿಷತ್ತು) ವಿನ್ಯಾಸ ಮಷೀನಿಗೆ ಬಂದಂತೆ. ಆದರೆ ‘ಇದು ನನ್ನ ಕೀಲಿಮಣೆ’ ಎಂದು ಆರಿಸಿದ್ದು ಪ್ಯಾಕೇಜಲ್ಲ, ಬಳಕೆದಾರನ ಸೆಟ್ಟಿಂಗ್. ಇಂಥ ಸೆಟ್ಟಿಂಗುಗಳೆಲ್ಲ ಇರುವ ಕಣಜ ಡಿಕಾನ್ಫ್. ಸಜ್ಜಾದ ಮಷೀನಿನಲ್ಲಿ ಡಿಕಾನ್ಫ್ ಡಂಪ್ ಎಂದು ಇನ್‌ಪುಟ್-ಸೋರ್ಸಸ್ ಭಾಗವನ್ನು ಫೈಲಿಗೆ ತೆಗೆದು, ಉಳಿದವುಗಳಲ್ಲಿ ಡಿಕಾನ್ಫ್ ಲೋಡ್ ಮಾಡಿ. ಇಡೀ ಡಿಕಾನ್ಫ್ ತೆಗೆಯಬೇಡಿ, ನಿಮ್ಮ ಕಿಟಕಿಗಳ ಅಳತೆಯೂ ಅದರಲ್ಲಿರುತ್ತದೆ.

ಈಗ ಕ್ಲೋನ್. ನಿಮ್ಮ ಗೆಳೆಯರಿಬ್ಬರೂ ಅರ್ಧರ್ಧ ಸರಿ. ಬೇರೆ ಮಷೀನಿಗೆ ಹಾಕಿದರೆ ಬೂಟ್ ಆಗುವುದಿಲ್ಲ ಎಂಬುದು ವಿಂಡೋಸ್ ಕಾಲದಿಂದ ಉಳಿದ ಹೆದರಿಕೆ. ಲಿನಕ್ಸಿನಲ್ಲಿ ಬಹುಪಾಲು ಡ್ರೈವರುಗಳು ಕರ್ನಲ್ ಜೊತೆಗೇ ಬರುತ್ತವೆ, ಬೂಟ್ ಆಗುವಾಗ ಎದುರಿಗೆ ಯಾವ ಹಾರ್ಡ್‌ವೇರ್ ಇದೆಯೋ ಅದನ್ನು ನೋಡಿ ಎತ್ತಿಕೊಳ್ಳುತ್ತದೆ. ಬಯೋಸ್ ಮತ್ತು ಯುಇಎಫ್‌ಐ ವ್ಯತ್ಯಾಸ, ಪ್ರತ್ಯೇಕ ಡ್ರೈವರ್ ಬೇಡುವ ಕಾರ್ಡುಗಳು, ಇವೆರಡು ಬಿಟ್ಟರೆ ಸಾಮಾನ್ಯವಾಗಿ ನಡೆಯುತ್ತದೆ. ಒಂದೇ ಮಾಡೆಲಿನ ಎಂಟು ಡೆಸ್ಕ್‌ಟಾಪ್ ಇದ್ದರೆ ಡಿಸ್ಕ್ ನಕಲು ಮಾಡುವ ಕ್ಲೋನ್‌ಜಿಲ್ಲಾ ಹಿಡಿದು ಒಂದು ದಿನದಲ್ಲಿ ಮುಗಿಸಬಹುದು, ನೆಟ್ಟೂ ಬೇಡ. ಮೂಲ ಡಿಸ್ಕಿಗಿಂತ ಚಿಕ್ಕ ಡಿಸ್ಕಿಗೆ ಮಾತ್ರ ಅದು ಸುಲಭವಾಗಿ ಒಪ್ಪುವುದಿಲ್ಲ.

ಕ್ಲೋನಿನ ಅಪಾಯ ಬೇರೆ ಕಡೆ ಇದೆ: ಬೇಡದ್ದೂ ಜೊತೆಗೆ ಬರುತ್ತದೆ. ಬಳ್ಳಾರಿಯಲ್ಲಿ ಲ್ಯಾಬೊಂದನ್ನು ನೋಡಿಕೊಳ್ಳುತ್ತಿದ್ದಾಗ ಇಪ್ಪತ್ತನಾಲ್ಕು ಮಷೀನನ್ನು ಹೀಗೆ ಕ್ಲೋನ್ ಮಾಡಿ ಹೆಮ್ಮೆಯಿಂದ ಮನೆಗೆ ಹೋಗಿದ್ದೆ. ಮರುದಿನ ಒಬ್ಬ ಹುಡುಗ ಬಂದು ‘ಸರ್, ನಿಮ್ದು ಕರೆಂಟ್ ಬಿಲ್ ಬಂದೈತ್ರೀ’ ಅಂದ. ಮೂಲ ಮಷೀನಿನಲ್ಲಿ ನನ್ನ ಮೇಲ್ ಲಾಗಿನ್ ಉಳಿಸಿ ಮರೆತಿದ್ದೆ. ಇಪ್ಪತ್ತನಾಲ್ಕರಲ್ಲೂ ನನ್ನ ಮೇಲ್ ತೆರೆಯುತ್ತಿತ್ತು. ಅವತ್ತಿನಿಂದ ಮೂಲ ಮಷೀನಿನಲ್ಲಿ ಬ್ರೌಸರನ್ನೇ ತೆರೆಯುವುದಿಲ್ಲ.

ಕಣ್ಣಿಗೆ ಕಾಣದವೂ ಇವೆ. ಇಟಿಸಿ ಫೋಲ್ಡರಿನ ಮಷೀನ್-ಐಡಿ ಎಂಬ ಫೈಲ್ ಪ್ರತಿ ಕಂಪ್ಯೂಟರಿಗೂ ಬೇರೆ ಇರಬೇಕು. ಕ್ಲೋನ್ ಮಾಡಿದರೆ ಎಲ್ಲಕ್ಕೂ ಒಂದೇ. ಉಬುಂಟು ಸರ್ವರ್ ಆವೃತ್ತಿಯಲ್ಲಿ ಇದರಿಂದ ಎರಡು ಮಷೀನಿಗೆ ಒಂದೇ ಐಪಿ ವಿಳಾಸ ಸಿಕ್ಕು ಕಿತ್ತಾಡುವುದುಂಟು. ಎಸ್‌ಎಸ್‌ಎಚ್ (ದೂರದಿಂದ ಮಷೀನಿಗೆ ಲಾಗಿನ್ ಆಗುವ ಸಾಧನ) ಹಾಕಿದ್ದರೆ ಅದರ ಹೋಸ್ಟ್ ಕೀಲಿಗಳೂ ಒಂದೇ ಆಗುತ್ತವೆ, ಒಂದರ ಕೀಲಿ ಹೊರಬಿದ್ದರೆ ಎಲ್ಲವೂ ಬಯಲು. ಹಾಗಾಗಿ ಇಮೇಜ್ (ಡಿಸ್ಕಿನ ಪ್ರತಿ) ತೆಗೆಯುವ ಮೊದಲು ಮಷೀನ್-ಐಡಿ ಫೈಲನ್ನು ಅಳಿಸದೆ ಖಾಲಿ ಮಾಡಿಡಿ, ಮುಂದಿನ ಬೂಟಿನಲ್ಲಿ ಹೊಸದು ಹುಟ್ಟುತ್ತದೆ. ಹೋಸ್ಟ್ ಕೀಲಿಗಳನ್ನು ಅಳಿಸಿ, ಪ್ರತಿ ಮಷೀನಿನಲ್ಲಿ ಓಪನ್‌ಎಸ್‌ಎಸ್‌ಎಚ್-ಸರ್ವರ್ ಪ್ಯಾಕೇಜನ್ನು ಡಿಪಿಕೆಜಿ-ರೀಕಾನ್ಫಿಗರ್ ಮಾಡಿ. ಹೆಸರನ್ನೂ ಬದಲಿಸಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಹನ್ನೆರಡಕ್ಕೂ ಪಟ್ಟಿಯ ದಾರಿಯನ್ನೇ ಹಿಡಿಯುತ್ತಿದ್ದೆ. ಕ್ಲೋನ್ ಮಾಡಿದ ಮರುತಿಂಗಳು ಒಂದು ಹೊಸ ಸಾಫ್ಟ್‌ವೇರ್ ಬೇಕಾದರೆ ಮತ್ತೆ ಎಂಟು ಡಿಸ್ಕ್ ಹಿಡಿದು ಕೂರಬೇಕು. ಪಟ್ಟಿಯಾದರೆ ಒಂದು ಸಾಲು ಸೇರಿಸಿದರೆ ಆಯಿತು. ಕ್ಲೋನ್‌ಜಿಲ್ಲಾ ಇಮೇಜ್ ಒಂದನ್ನು ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ ಇಟ್ಟುಕೊಳ್ಳಿ, ಮೂಲ ಮಷೀನ್ ಕೈಕೊಟ್ಟರೆ ಬೇಕಾಗುತ್ತದೆ. ಆದರೆ ಅದಕ್ಕೂ ಮೊದಲು ಎಲ್ಲಕ್ಕೂ ಒಂದೇ ಆವೃತ್ತಿ ಹಾಕಿ. 22.04ಕ್ಕೆ ಉಚಿತ ಬೆಂಬಲ 2027ರ ತನಕ, 24.04ಕ್ಕೆ 2029ರ ತನಕ. ರ‍್ಯಾಮ್ 4 ಜಿಬಿಗಿಂತ ಕಡಿಮೆ ಇದ್ದ ಮಷೀನಿಗೆ ಉಬುಂಟುವಿನ ಹಗುರ ರೂಪವಾದ ಲುಬುಂಟು ನೋಡಿ. ಭಂಡಾರ ಒಂದೇ ಆದ್ದರಿಂದ ನಿಮ್ಮ ಪಟ್ಟಿ ಅಲ್ಲೂ ನಡೆಯುತ್ತದೆ. ಕೀಲಿಮಣೆಯನ್ನು ಮಾತ್ರ ಅಲ್ಲಿ ಕೈಯಿಂದ ಆರಿಸಬೇಕಾಗುತ್ತದೆ.

ಅನ್ಸಿಬಲ್ ಎಂಬ ಸಾಧನದ ಹೆಸರು ಕೇಳಿರಬಹುದು. ಒಂದು ಕಡೆ ಕೂತು ಎಸ್‌ಎಸ್‌ಎಚ್ ಮೂಲಕ ಎಲ್ಲ ಮಷೀನಿಗೂ ಪಟ್ಟಿ ಹಾಕಿಸುತ್ತದೆ, ಇದ್ದದ್ದನ್ನು ಬಿಟ್ಟು ಇಲ್ಲದ್ದನ್ನು ಮಾತ್ರ ಹಾಕುತ್ತದೆ. ಚೆನ್ನಾಗಿದೆ, ಆದರೆ ಇವತ್ತೇ ಬೇಡ. ಪಟ್ಟಿ ಆರು ತಿಂಗಳು ಬದಲಾಗದೆ ನಿಂತ ಮೇಲೆ ಕಲಿಯಿರಿ.

ಕೊನೆಗೆ ನಿಮ್ಮ 2 ಜಿಬಿ. ಪ್ರತಿ ಮಷೀನೂ ತಾನೇ ಇಳಿಸಿಕೊಂಡರೆ ದಿನಗಟ್ಟಲೆ ಕಾಯಬೇಕು. ಒಂದು ಅಗ್ಗದ ನೆಟ್‌ವರ್ಕ್ ಸ್ವಿಚ್ ಮತ್ತು ಕೇಬಲ್ ತನ್ನಿ. ಮೂಲ ಡೆಸ್ಕ್‌ಟಾಪಿಗೆ ಮೊಬೈಲನ್ನು ಯುಎಸ್‌ಬಿಯಲ್ಲಿ ಹಚ್ಚಿ, ಅದರ ಕೇಬಲ್ ಕನೆಕ್ಷನ್ನಿನ ಐಪಿವಿ4 ಸೆಟ್ಟಿಂಗಿನಲ್ಲಿ ‘ಷೇರ್ಡ್ ಟು ಅದರ್ ಕಂಪ್ಯೂಟರ್ಸ್’ ಆರಿಸಿ. ಆಗ ಆ ಮಷೀನಿನ ವಿಳಾಸ 10.42.0.1 ಆಗುತ್ತದೆ, ಉಳಿದವಕ್ಕೆ ಬೇರೆ ಬೇರೆ ವಿಳಾಸಗಳನ್ನು ಆ ಮಷೀನೇ ಹಂಚುತ್ತದೆ. ಅದರಲ್ಲಿ ಆಪ್ಟ್-ಕ್ಯಾಷರ್-ಎನ್‌ಜಿ ಹಾಕಿ. ಉಳಿದ ಮಷೀನುಗಳಲ್ಲಿ ಇಟಿಸಿ, ಆಪ್ಟ್, ಆಪ್ಟ್.ಕಾನ್ಫ್.ಡಿ ಎಂಬ ದಾರಿಯಲ್ಲಿ ಒಂದೇ ಸಾಲಿನ ಫೈಲ್: ಎಚ್‌ಟಿಟಿಪಿ ಪ್ರಾಕ್ಸಿ 10.42.0.1, ಪೋರ್ಟ್ 3142. ಮೊದಲ ಮಷೀನ್ ಕೇಳಿದ್ದು ಮೊಬೈಲಿನಿಂದ ಬರುತ್ತದೆ. ಎರಡನೆಯದು ಅದನ್ನೇ ಕೇಳಿದಾಗ ಪಕ್ಕದ ಡೆಸ್ಕ್‌ಟಾಪಿನಿಂದಲೇ ಸಿಗುತ್ತದೆ, ಡೇಟಾ ಖರ್ಚಿಲ್ಲ. ಎಚ್‌ಟಿಟಿಪಿ ಅಂದರೆ ಸುರಕ್ಷಿತವಲ್ಲ ಎಂದು ಗಾಬರಿ ಬೇಡ. ಭಂಡಾರದ ಸಹಿಯನ್ನು ಪ್ರತಿ ಮಷೀನಿನ ಆಪ್ಟ್ ಪರೀಕ್ಷಿಸಿಯೇ ಒಪ್ಪುತ್ತದೆ, ದಾರಿಯಲ್ಲಿ ಯಾರಾದರೂ ಕೈಯಾಡಿಸಿದ್ದರೆ ಹೊರಗೆ ನಿಲ್ಲಿಸುತ್ತದೆ. ಲ್ಯಾಪ್‌ಟಾಪನ್ನು ಯಾರಾದರೂ ಮನೆಗೆ ಒಯ್ಯುವುದಾದರೆ ಆ ಒಂದು ಸಾಲಿನ ಫೈಲನ್ನು ಮೊದಲು ತೆಗೆಯಿರಿ. ಇಲ್ಲದಿದ್ದರೆ ಅಲ್ಲಿ ಅದು 10.42.0.1 ಅನ್ನು ಹುಡುಕುತ್ತಾ ಕೂರುತ್ತದೆ.

ಕೆಲಸಕ್ಕೆ ಬೆಳಗಿನ ಹೊತ್ತು ಹಿಡಿಯಿರಿ, ಡೆಸ್ಕ್‌ಟಾಪ್‌ಗಳಿಗೆ ಯುಪಿಎಸ್ ಇಲ್ಲದಿದ್ದರಂತೂ ಕಡ್ಡಾಯ. ಇನ್‌ಸ್ಟಾಲ್ ಅರ್ಧದಲ್ಲಿದ್ದಾಗ ಕರೆಂಟ್ ಹೋದರೆ, ಬಂದ ಮೇಲೆ ಸುಡೋ ಜೊತೆಗೆ ಡಿಪಿಕೆಜಿ ಕಾನ್ಫಿಗರ್ ಮೈನಸ್ ಎ ಕೊಡಿ. ಕಾನ್ಫಿಗರ್ ಹಿಂದೆ ಎರಡು ಮೈನಸ್. ಬಿಚ್ಚಿಯೂ ಹೊಂದಿಸದೆ ಉಳಿದ ಪ್ಯಾಕೇಜುಗಳನ್ನು ಅದು ಹೊಂದಿಸಿ ಮುಗಿಸುತ್ತದೆ. ಆಮೇಲೆ ಪಟ್ಟಿಯನ್ನು ಮತ್ತೆ ಮೊದಲಿನಿಂದ ಕೊಡಿ, ಆಗಲೇ ಬಂದವನ್ನು ಆಪ್ಟ್ ದಾಟಿಕೊಂಡು ಹೋಗುತ್ತದೆ.